ಬಂಡೆ ಕೆಳಗಿನ ಹತ್ತು ಗುಂಟೆ ಮತ್ತು ಹುಳ ತಿನ್ನೋ ಗಿಡ



ಹೋದ ವಾರ ಟೊಮೆಟೊ ಸಸಿಮಡಿ ಫೋಟೊ ಹಾಕಿದ್ದೆನಲ್ಲ, ಅದರ ಮೂಲೇಲಿ ಕೆಂಪಗೆ ಹೊಳೀತಿದ್ದ ನಾಲ್ಕು ಡಬ್ಬ ನೋಡಿ ಸುಮಾರು ಜನ ಕೇಳಿದ್ರಿ: "ಅದೇನು ಗಿಡ, ಎಲೆ ಮೇಲೆ ಅಂಟು ಸುರೀತಿದೆ, ಏನಾದ್ರೂ ರೋಗನಾ?" ರೋಗ ಅಲ್ಲ. ಅದು ಹುಳ ತಿನ್ನೋ ಗಿಡ. ಸನ್‌ಡ್ಯೂ ಅಂತಾರೆ, ಶಾಸ್ತ್ರದ ಹೆಸರು ಡ್ರಾಸಿರಾ. ನಾಲ್ಕು ವರ್ಷದಿಂದ ಅದನ್ನ ಸಾಕೋದು, ಒಂದಕ್ಕೊಂದು ಕ್ರಾಸ್ ಮಾಡೋದು ನನಗೊಂದು ಹುಚ್ಚು. ಇದರಲ್ಲಿ ಒಂದು ರೂಪಾಯಿ ಆದಾಯ ಇಲ್ಲ ಅಂತ ಮೊದಲೇ ಹೇಳ್ಬಿಡ್ತೀನಿ. ಆದ್ರೂ ಉದ್ದಕ್ಕೆ ಬರೀತಿದ್ದೀನಿ, ಯಾಕಂದ್ರೆ ನನ್ನ ಹೊಲದಲ್ಲೇ ನಾನು ಮಾಡಿದ ಒಂದು ಕೆಲಸ ತಪ್ಪು ಅಂತ ಗೊತ್ತಾಗಿದ್ದು ಈ ಗಿಡದಿಂದ.

ಶುರುವಾಗಿದ್ದು ಮಗಳಿಂದ. ಶಾಲೆ ಪುಸ್ತಕದಲ್ಲಿ ಹೂಜಿ ಗಿಡದ ಚಿತ್ರ ನೋಡಿ ಬಂದು, ಅಂಥದ್ದು ನಮಗೂ ಬೇಕು ಅಂತ ಹಠ ಹಿಡಿದಳು. ಬೆಂಗಳೂರಿಂದ ವೀನಸ್ ಫ್ಲೈಟ್ರ್ಯಾಪ್ ಅನ್ನೋದನ್ನ ತರಿಸ್ದೆ. ಎರಡು ದವಡೆ ಥರ ಎಲೆ, ಒಳಗಿನ ರೋಮಕ್ಕೆ ಹುಳ ಎರಡು ಸಲ ತಾಗಿದ್ರೆ ಟಪ್ ಅಂತ ಮುಚ್ಕೊಳ್ಳುತ್ತೆ. ಅಮೆರಿಕದ ಕ್ಯಾರೊಲಿನಾ ಕಡೆ ಒಂದು ಸಣ್ಣ ಪ್ರದೇಶದಲ್ಲಿ ಬಿಟ್ರೆ ಅದು ಪ್ರಪಂಚದಲ್ಲಿ ಇನ್ನೆಲ್ಲೂ ತಾನಾಗಿ ಬೆಳೆಯಲ್ಲ. ನಾನು ಒಳ್ಳೆ ರೈತ ಅಲ್ವಾ, ಚಿಟಿಕೆ ಗೊಬ್ಬರ ಹಾಕಿ, ಬೋರ್ ನೀರು ಬಿಟ್ಟೆ. ಮೂರು ವಾರಕ್ಕೆ ಕಪ್ಪಾಗಿ ಹೋಯ್ತು.

ಆಮೇಲೆ ಓದಿ ತಿಳ್ಕೊಂಡೆ. ಈ ಜಾತಿ ಗಿಡಗಳೆಲ್ಲ ಹುಟ್ಟಿರೋದೇ ಸತ್ವ ಇಲ್ಲದ ಜಾಗದಲ್ಲಿ. ಮಣ್ಣಲ್ಲಿ ಸಾರಜನಕ ಸಿಗಲ್ಲ, ಅದಕ್ಕೇ ಹುಳದಿಂದ ತಗೊಳ್ಳೋದು ಕಲಿತಿವೆ. ಬೇರು ಉಪ್ಪು ತಡೆಯಲ್ಲ, ಗೊಬ್ಬರವಂತೂ ವಿಷ. ನಮ್ಮ ಬೋರ್ ನೀರಿನ ಟಿಡಿಎಸ್ ನೋಡಿದ್ರೆ 1,100. ಇವಕ್ಕೆ ಬೇಕಾಗಿದ್ದು 50ರ ಒಳಗೆ. ಹಾಗಾಗಿ ಈಗ ಶೀಟಿನ ಮನೆ ಮೇಲಿಂದ ಬರೋ ಮಳೆ ನೀರನ್ನ ಡ್ರಮ್ಮಲ್ಲಿ ಹಿಡಿದಿಡ್ತೀನಿ, ಬೇಸಿಗೇಲಿ ಆರ್‌ಒ ನೀರು. ಸಸಿಮಡಿಗೆ ತರೋ ಕೊಕೊಪೀಟನ್ನೇ ಆರೇಳು ನೀರಲ್ಲಿ ತೊಳೆದು, ಅರ್ಧ ಪಾಲು ಗಟ್ಟಿ ಮರಳು ಸೇರಿಸಿ ಹಾಕ್ತೀನಿ. ಡಬ್ಬ ಯಾವಾಗ್ಲೂ ತಟ್ಟೆ ನೀರಲ್ಲಿ ನಿಂತಿರಬೇಕು. ಗಾಳಿ ಕಾಲದಲ್ಲಿ ಮಾತ್ರ ಒಂದು ಕಷ್ಟ. ಕೋರಮಂಡಲ್ ಕಡೆಯಿಂದ ಗಾಳಿ ಬೀಸಿದ್ರೆ ಸೈನೈಡ್ ದಿಬ್ಬದ ಧೂಳು ಬಂದು ಅಂಟಿನ ಮೇಲೆ ಕೂರುತ್ತೆ, ಎಲೆ ಬೂದಿ ಬಳಿದಂಗೆ ಆಗುತ್ತೆ. 2001ರಲ್ಲಿ ಗಣಿ ಮುಚ್ಚಿದ್ರೂ ದಿಬ್ಬ ಅಲ್ಲೇ ಇದೆ. ನಾವು ದಿನಾ ಉಸಿರಾಡೋ ಧೂಳು ಎಷ್ಟು ಅಂತ ನನಗೆ ಕಣ್ಣಿಗೆ ಕಾಣಿಸಿದ್ದು ಈ ಎಲೆ ಮೇಲೇನೆ.

ಎರಡನೇ ಸಲ ಸನ್‌ಡ್ಯೂ ತರಿಸ್ದೆ. ಒಂದು ದಕ್ಷಿಣ ಆಫ್ರಿಕಾದ ಕೇಪೆನ್ಸಿಸ್, ಉದ್ದ ಪಟ್ಟಿ ಥರ ಎಲೆ. ಇನ್ನೊಂದು ಸ್ಪ್ಯಾಚುಲೇಟ, ನೆಲಕ್ಕೆ ಅಂಟಿಕೊಂಡು ಚಮಚದ ಥರ ಎಲೆ. ಎಲೆ ಮೇಲೆಲ್ಲ ರೋಮ, ಪ್ರತಿ ರೋಮದ ತುದೀಲಿ ಇಬ್ಬನಿ ಥರ ಒಂದು ಹನಿ. ಅದು ನೀರಲ್ಲ, ಅಂಟು. ಸಣ್ಣ ನೊಣ ಕೂತ್ರೆ ಎದ್ದು ಹೋಗಕ್ಕಾಗಲ್ಲ, ರೋಮಗಳು ಮೆಲ್ಲಗೆ ಬಾಗಿ ಮುಚ್ಕೊಳ್ಳುತ್ತವೆ.

ಆ ಚಮಚದ ಎಲೆ ನೋಡ್ತಾ ನೋಡ್ತಾ ನನಗೆ ಚುರ್ ಅಂತು. ಇದನ್ನ ನಾನು ಎಲ್ಲೋ ನೋಡಿದೀನಿ.

ನಮ್ಮ ಹೊಲದ ಮೇಲ್ಗಡೆ ಒಂದು ದೊಡ್ಡ ಬಂಡೆ ಇದೆ. ಅದರ ಕೆಳಗೆ ಅರ್ಧ ಎಕರೆ ಗೊರಜು ನೆಲ. ಮಳೆಗಾಲ ಆದಮೇಲೂ ಬಂಡೆಯಿಂದ ನೀರು ಜಿನುಗ್ತಾ ಎರಡು ಮೂರು ತಿಂಗಳು ತೇವ ಇರುತ್ತೆ. ರಾಗಿ ಹಾಕಿದ್ರೆ ಗೇಣುದ್ದ ಬಂದು ಹಳದಿ ಆಗುತ್ತೆ. ಚಿಕ್ಕವನಿದ್ದಾಗ ಕಾರ್ತೀಕ ಮಾಸದಲ್ಲಿ ಅಲ್ಲಿ ದನ ಬಿಟ್ಕೊಂಡು ಕೂತ್ರೆ ನೆಲದ ಮೇಲೆ ರೂಪಾಯಿ ಅಗಲದ ಕೆಂಪು ಚಕ್ರಗಳು ಕಾಣ್ತಿದ್ವು, ಬರಿಗಾಲಿಗೆ ಅಂಟು ಅಂಟು. ನಮಗೆ ಅದು ಬರೀ ಕಳೆ. ಟಾರ್ಚ್ ತಗೊಂಡು ಆವತ್ತು ಸಂಜೆನೇ ಹೋದೆ. ಇತ್ತು! ಬರ್ಮಾನಿ ಅನ್ನೋ ಜಾತಿ, ಬಿಳಿ ಹೂವಿನದು. ಸನ್‌ಡ್ಯೂಗಳಲ್ಲೇ ಚುರುಕಾದವುಗಳಲ್ಲಿ ಅದೂ ಒಂದು, ಅಂಚಿನ ರೋಮ ಕೆಲವೇ ಸೆಕೆಂಡಲ್ಲಿ ಮಡಚಿಕೊಳ್ಳುತ್ತೆ. ಪಕ್ಕದಲ್ಲೇ ಗೇಣುದ್ದ ಎದ್ದು ನಿಲ್ಲೋ ಇಂಡಿಕಾನೂ ಇತ್ತು, ಗುಲಾಬಿ ಹೂವಿನದು. ಎರಡೂ ಮಳೆ ಹಿಂದೆ ಹುಟ್ಟಿ, ಬೀಜ ಉದುರಿಸಿ, ನೆಲ ಒಣಗಿದಾಗ ಸಾಯೋ ಗಿಡ. ಒಂದು ವರ್ಷ ಬೀಜ ಆಗದಿದ್ರೆ ಮುಂದಿನ ವರ್ಷಕ್ಕೆ ಕಷ್ಟ.

ಆದ್ರೆ ಇದ್ದಿದ್ದು ಅರ್ಧ ಜಾಗದಲ್ಲಿ ಮಾತ್ರ. ಇನ್ನರ್ಧಕ್ಕೆ, ಅಂದ್ರೆ ಹತ್ತು ಗುಂಟೆಗೆ, ಅದರ ಹಿಂದಿನ ವರ್ಷ ತಾನೇ ನಾನು ಜೆಸಿಬಿ ಕರೆಸಿ ಸಮ ಮಾಡಿ, ಟ್ರಾಕ್ಟರ್‌ಗಟ್ಟಲೆ ಕೆರೆ ಗೋಡು ಹೊಡೆಸಿದ್ದೆ. ಅಲ್ಲಿ ಹುಡುಕಿ ಹುಡುಕಿ ನೋಡ್ದೆ, ಒಂದೂ ಇಲ್ಲ. ಆವತ್ತು ಅಷ್ಟೇನೂ ಬೇಜಾರಾಗಲಿಲ್ಲ ಅಂತ ನಿಜ ಹೇಳ್ತೀನಿ. ಆ ಕಡೆ ಆ ಸಲ ಬೀನ್ಸ್ ಚೆನ್ನಾಗಿ ಬಂದಿತ್ತು.

ಈಗ ಕ್ರಾಸಿಂಗ್ ವಿಷಯಕ್ಕೆ ಬರ್ತೀನಿ. ರಾಣೆಬೆನ್ನೂರು ಕಡೆ ಹೈಬ್ರಿಡ್ ಬೀಜೋತ್ಪಾದನೆ ನೋಡಿದೋರಿಗೆ ಕೆಲಸ ಅರ್ಥ ಆಗುತ್ತೆ: ಮೊಗ್ಗಲ್ಲೇ ಗಂಡು ಭಾಗ ಕೀಳೋದು, ಇನ್ನೊಂದು ಗಿಡದ ಪರಾಗ ಮುಟ್ಟಿಸೋದು. ಮೊದಲ ವರ್ಷ ನಾನು ಅಷ್ಟೆಲ್ಲ ಯಾಕೆ ಅಂತ, ಅರಳಿದ ಹೂವಿಗೆ ಬ್ರಷ್‌ನಲ್ಲಿ ಸವರಿ ಬಿಟ್ಟೆ. ಕಾಯಿ ಕಟ್ತು, ಬೀಜ ಬಂತು, ಅರವತ್ತು ಸಸಿ ಹುಟ್ತು. ಐದು ತಿಂಗಳು ಕಾದೆ. ಅರವತ್ತೂ ತಾಯಿ ಥರಾನೇ! ಹೊರಗಿಂದ ಸೀಮೆ ಹೋರಿ ಕರೆಸೋ ಮುಂಚೆ ಹಟ್ಟೀಲಿದ್ದ ಹೋರಿ ಕೆಲಸ ಮುಗಿಸಿತ್ತು.

ವಿಷಯ ಏನಂದ್ರೆ, ಕೇಪೆನ್ಸಿಸ್ ಹೂಕಡ್ಡೀಲಿ ಇಪ್ಪತ್ತು ಮೊಗ್ಗು ಇದ್ರೂ ದಿನಕ್ಕೆ ಒಂದೋ ಎರಡೋ ಅರಳೋದು, ಅದೂ ಬೆಳಗ್ಗೆ ಬಿಸಿಲು ಬಿದ್ರೆ. ಮಧ್ಯಾಹ್ನಕ್ಕೆ ಮುಚ್ಕೊಳ್ಳುತ್ತೆ. ಮುಚ್ಕೊಳ್ಳುವಾಗ ಅದರ ಕೇಸರ ಅದರದ್ದೇ ಶಲಾಕೆಗೆ ಒತ್ತಿಕೊಂಡು ತನ್ನಷ್ಟಕ್ಕೆ ತಾನೇ ಬೀಜ ಕಟ್ಕೊಳ್ಳುತ್ತೆ. ಹಾಗಾಗಿ ಎರಡನೇ ವರ್ಷ ಈ ರೀತಿ ಮಾಡ್ದೆ. ಬೆಳಗ್ಗೆ ಏಳಕ್ಕೇ ಆವತ್ತು ಅರಳೋ ಮೊಗ್ಗನ್ನ ಸೂಜೀಲಿ ಬಿಡಿಸಿ, ಪರಾಗ ಒಡೆಯೋ ಮುಂಚೆ ಐದೂ ಕೇಸರ ಚಿಮಟದಲ್ಲಿ ತೆಗೆದುಬಿಡೋದು. ಹತ್ತು ಗಂಟೆಗೆ ಸ್ಪ್ಯಾಚುಲೇಟ ಅರಳುತ್ತೆ, ಅದರ ಕೇಸರ ಕಿತ್ತು ತಂದು ಇದರ ಶಲಾಕೆಗೆ ಮುಟ್ಟಿಸೋದು. ಆ ಹೂವಿಗೆ ಬಣ್ಣದ ದಾರ. ಅದೇ ಕಡ್ಡೀಲಿರೋ ಬೇರೆ ಮೊಗ್ಗನ್ನೆಲ್ಲ ಚಿವುಟೋದು, ಇಲ್ದಿದ್ರೆ ಬೀಜ ಬೆರಕೆ ಆಗುತ್ತೆ. ತಿಂಗಳಿಗೆ ಕಾಯಿ ಕಪ್ಪಾಗುತ್ತೆ. ಬೀಜ ಮೆಣಸಿನ ಪುಡಿ ಧೂಳಿಗಿಂತ ಸಣ್ಣ, ಬಿಳಿ ಕಾಗದದ ಮೇಲೆ ಉದುರಿಸ್ಕೋಬೇಕು. ಮಣ್ಣು ಮುಚ್ಚಬಾರದು, ಬೆಳಕಿದ್ರೇನೇ ಹುಟ್ಟೋದು.

ಹನ್ನೊಂದು ಹೂವಿಗೆ ಮಾಡ್ದೆ. ನಾಲ್ಕು ಕಾಯಿ ಕಟ್ತು. ಏಳು ಸಸಿ ಹುಟ್ತು. ಎರಡು ಮತ್ತೆ ತಾಯಿ ಥರ. ಉಳಿದ ಐದರಲ್ಲಿ ಎಲೆ ಪಟ್ಟಿನೂ ಅಲ್ಲ ಚಮಚನೂ ಅಲ್ಲ, ಉದ್ದ ಹಿಡಿಯ ಸೌಟಿನಂಗೆ! ಆವತ್ತು ಮನೇಲಿ ಎಲ್ಲರನ್ನೂ ಕರೆದು ತೋರಿಸ್ದೆ. ನಮ್ಮ ತಮ್ಮ "ಇದರಲ್ಲಿ ಹುಳಿ ಮಾಡಕ್ಕಾಗುತ್ತಾ?" ಅಂದ.

ಆ ಐದೂ ಮುಂದೆ ಹೂ ಬಿಟ್ವು. ಕಾಯಿ ಒಡೆದು ನೋಡಿದ್ರೆ ಬರೀ ಜೊಳ್ಳು. ಸನ್‌ಡ್ಯೂ ಹೈಬ್ರಿಡ್‌ಗಳು ಹೆಚ್ಚಿನವು ಹೀಗೇ. ಕಾರಣ ನಮಗೆ ಗೊತ್ತಿರೋದೇ, ಬೀಜ ಇಲ್ಲದ ಕಲ್ಲಂಗಡಿ ಕಥೆ. ಸಾಮಾನ್ಯ ಕಲ್ಲಂಗಡಿಗೆ 22 ವರ್ಣತಂತು. ಅದನ್ನ ದುಪ್ಪಟ್ಟು ಮಾಡಿದ 44ರ ಗಿಡದ ಜೊತೆ ಕ್ರಾಸ್ ಮಾಡಿದ್ರೆ 33. ಜೋಡಿ ಸರಿ ಹೊಂದಲ್ಲ, ಬೀಜ ಕಟ್ಟಲ್ಲ. ಇದೇ ಲೆಕ್ಕವನ್ನ ಸನ್‌ಡ್ಯೂನಲ್ಲಿ ಕಣ್ಣಾರೆ ನೋಡಿ ಬರೆದಿಟ್ಟೋರು ಸ್ವೀಡನ್ ದೇಶದ ರೋಸೆನ್‌ಬರ್ಗ್ ಅನ್ನೋ ವಿಜ್ಞಾನಿ, ಇಪ್ಪತ್ತನೇ ಶತಮಾನದ ಶುರುವಲ್ಲಿ. ಯುರೋಪಿನ ಒಂದು ಸನ್‌ಡ್ಯೂಗೆ 20, ಇನ್ನೊಂದಕ್ಕೆ 40, ಎರಡರ ಬೆರಕೆಗೆ 30. ಹತ್ತು ಜೋಡಿ ಆಗುತ್ತೆ, ಹತ್ತು ಒಂಟಿಯಾಗಿ ಉಳಿಯುತ್ತೆ. ಜಪಾನಲ್ಲಿ ಮಾತ್ರ ಇಂಥ ಒಂದು ಬೆರಕೆ ತಾನಾಗೇ ದುಪ್ಪಟ್ಟಾಗಿ, 60 ವರ್ಣತಂತು ಆಗಿ, ಬೀಜ ಕಟ್ಟೋ ಹೊಸ ಜಾತಿನೇ ಆಗಿದೆ. ಟೊಕಾಯಿಯೆನ್ಸಿಸ್ ಅಂತಾರೆ. ಅದು ಪ್ರಕೃತಿ ಪುಣ್ಯ.

ನನ್ನ ಐದು ಗಿಡಕ್ಕೆ ಆ ಪುಣ್ಯ ಇಲ್ಲ. ಅದಕ್ಕೇ ಎಲೆ ಕಿತ್ತು ಮಳೆ ನೀರಲ್ಲಿ ತೇಲಿಬಿಡ್ತೀನಿ. ಒಂದೂವರೆ ಎರಡು ತಿಂಗಳಿಗೆ ಎಲೆ ಮೇಲೇ ಮರಿ ಏಳುತ್ತೆ. ನಾವು ಹಿಪ್ಪುನೇರಳೆ ಕಡ್ಡಿ ನೆಡಲ್ವಾ, ಹಾಗೇ.

ನಮ್ಮ ಬಂಡೆ ಕೆಳಗಿನ ಬರ್ಮಾನಿನೂ ಬಿಡಲಿಲ್ಲ. ಅದರ ಪರಾಗ ತಂದು ಮೂರು ಸಲ ಸ್ಪ್ಯಾಚುಲೇಟಕ್ಕೆ ಹಾಕ್ದೆ. ಕಾಯಿ ಕಟ್ಟಲಿಲ್ಲ, ಹೂ ಉದುರಿ ಹೋಯ್ತು. ನೋಡಕ್ಕೆ ಅಣ್ಣ ತಮ್ಮಂದಿರ ಥರ ಇದ್ರೂ ದೂರದ ಸಂಬಂಧ. ಹೂಜಿ ಗಿಡದಲ್ಲಿ ಈ ತೊಂದರೆ ಕಮ್ಮಿ, ಜಾತಿ ಜಾತಿ ಬೆರೆಯುತ್ತೆ. 1860ರ ದಶಕದಲ್ಲೇ ಇಂಗ್ಲೆಂಡಿನ ನರ್ಸರಿಗಳಲ್ಲಿ ಹೈಬ್ರಿಡ್ ಮಾಡಿದ್ರು. ಅಲ್ಲಿ ಕಷ್ಟ ಬೇರೆ. ನಾಟಿ ಪಪ್ಪಾಯಿ ಥರ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ, ಎರಡೂ ಒಟ್ಟಿಗೆ ಹೂ ಬಿಡಬೇಕು. ನಮ್ಮ ದೇಶದ ಒಂದೇ ಒಂದು ಹೂಜಿ ಗಿಡ ಮೇಘಾಲಯದ್ದು, ಅದು ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿದೆ, ಕಾಡಿಂದ ಕಿತ್ತರೆ ಅಪರಾಧ.

ಇಷ್ಟೆಲ್ಲ ಮಾಡ್ತಾ ಮಾಡ್ತಾ ತಲೇಲಿ ಕೂತಿದ್ದು ಒಂದೇ ಮಾತು. ನನ್ನ ಐದು ಹೈಬ್ರಿಡ್ ಸತ್ರೆ ಮತ್ತೆ ಮಾಡ್ಕೋಬಹುದು, ಅಪ್ಪ ಅಮ್ಮ ಡಬ್ಬದಲ್ಲಿ ಇರೋವರೆಗೆ. ಅವು ಹೋದ್ರೆ ಮುಗೀತು. ನಾವು ತಿನ್ನೋ ರಾಗಿನೂ ಹೀಗೇ ಬಂದಿದ್ದು. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ನಮ್ಮ ರಾಗಿನ ಆಫ್ರಿಕಾ ರಾಗಿ ಜೊತೆ ಕ್ರಾಸ್ ಮಾಡಿ ಇಂಡಾಫ್ ತಳಿಗಳನ್ನ ಕೊಟ್ರು. ಇಂಡಿಯಾದ 'ಇಂಡ್', ಆಫ್ರಿಕಾದ 'ಆಫ್'. ರಾಗಿ ಹೂವೂ ಕಣ್ಣಿಗೆ ಕಾಣದಷ್ಟು ಸಣ್ಣ, ಅದೂ ತಾನೇ ಬೀಜ ಕಟ್ಕೊಳ್ಳೋ ಜಾತಿ. ಸೂಜಿ ಹಿಡಿದು ಏಳು ಸಸಿ ಮಾಡಕ್ಕೆ ನಾನು ಪಟ್ಟ ಪಾಡು ನೆನೆಸ್ಕೊಂಡ್ರೆ ಅವರ ಮೇಲೆ ಗೌರವ ನೂರು ಪಟ್ಟು ಆಗುತ್ತೆ. ಆದ್ರೆ ಅವರಿಗೂ ಎರಡು ಕಡೆಯ ನಾಟಿ ರಾಗಿ ಬೇಕಿತ್ತು. ಇಳುವರಿ ಕಮ್ಮಿ ಅಂತ ಯಾರೂ ಉಳಿಸ್ಕೊಳ್ಳದೇ ಇದ್ದಿದ್ರೆ ಯಾವುದನ್ನ ಕ್ರಾಸ್ ಮಾಡ್ತಿದ್ರು? ನಮ್ಮ ಟೊಮೆಟೊ ನೋಡಿ. ಪ್ರತಿ ಸಲ ಪ್ಯಾಕೆಟ್ ತರ್ತೀವಿ. ಅದರ ಅಪ್ಪ ಅಮ್ಮ ಯಾರು, ಎಲ್ಲಿದ್ದಾರೆ ಅಂತ ನಮಗೆ ಗೊತ್ತಿಲ್ಲ. ಮನೇಲಿದ್ದ ಹುಳಿ ಟೊಮೆಟೊ ಬೀಜ ನಮ್ಮಮ್ಮನ ಕಾಲಕ್ಕೇ ಹೋಯ್ತು. ಹೈಬ್ರಿಡ್ ತಪ್ಪು ಅಂತಿಲ್ಲ, ನಾನೂ ಅದನ್ನೇ ಬೆಳೆಯೋದು.

ಹೋದ ವರ್ಷ ತಮ್ಮ ಉಳಿದ ಹತ್ತು ಗುಂಟೆಗೂ ಗೋಡು ಹೊಡೆಸೋಣ ಅಂದ. ಅವನ ಲೆಕ್ಕ ಸರಿಯಾಗೇ ಇದೆ, ನೀರು ಜಿನುಗೋ ಜಾಗ, ಟೊಮೆಟೊ ಬರುತ್ತೆ. ನಾನು ಬೇಡ ಅಂದೆ. ಎರಡು ತಿಂಗಳು ಮಾತು ಬಿಟ್ಟ. "ಹುಳ ತಿನ್ನೋ ಕಳೆಗೋಸ್ಕರ ಅನ್ನ ಬಿಡ್ತೀಯಾ" ಅಂತ ಊರವರ ಮುಂದೆ ಅಂದ. ಅದಕ್ಕೆ ನನ್ನ ಹತ್ರ ಒಳ್ಳೆ ಉತ್ತರ ಇರಲಿಲ್ಲ, ಈಗಲೂ ಪೂರ್ತಿ ಇಲ್ಲ. ಕೊನೆಗೆ ಬೋರ್ ಪಕ್ಕದ ನನ್ನ ಪಾಲಿನ ಹತ್ತು ಗುಂಟೆ ಅವನಿಗೆ ಬೆಳೆಯಕ್ಕೆ ಬಿಟ್ಟು, ಬಂಡೆ ಕೆಳಗಿನದ್ದನ್ನ ಹಾಗೇ ಇಟ್ಕೊಂಡೆ. ಮೇಲಿನ ತೋಟದ ಗೊಬ್ಬರದ ನೀರು ಅಲ್ಲಿಗೆ ಇಳಿಯದಂಗೆ ಒಂದು ಬದು ಹಾಕಿದೀನಿ. ಕಳೆನಾಶಕ ಹೊಡೆಯಲ್ಲ. ದನ ಬಿಡ್ತೀನಿ, ಹುಲ್ಲು ಎತ್ತರ ಆದ್ರೆ ಈ ಗಿಡಕ್ಕೆ ಬಿಸಿಲು ಸಿಗಲ್ಲ. ಈ ಸಲ ಹೋದ ವರ್ಷಕ್ಕಿಂತ ಜಾಸ್ತಿ ಕಾಣ್ತಿದೆ. ಗೋಡು ಹೊಡೆಸಿದ ಕಡೆ ಇನ್ನೂ ಒಂದೂ ಹುಟ್ಟಿಲ್ಲ.

ನಿಮ್ಮಲ್ಲಿ ಒಂದು ಕೋರಿಕೆ. ಬಂಗಾರಪೇಟೆ, ಬೇತಮಂಗಲ, ಬೂದಿಕೋಟೆ ಕಡೆ ಬಂಡೆ ಮಗ್ಗುಲಲ್ಲಿ, ಕೆರೆ ಹಿನ್ನೀರ ಗೊರಜಲ್ಲಿ, ಮಳೆ ನಿಂತ ಮೇಲೆ ಬಗ್ಗಿ ನೋಡಿ. ಕೆಂಪು ಚಕ್ರ ಕಂಡ್ರೆ ಫೋಟೊ ಕಳಿಸಿ. ಕಿತ್ತು ತರಬೇಡಿ, ಡಬ್ಬದಲ್ಲಿ ಅದು ಬದುಕೋದು ಕಷ್ಟ. ಇದರ ಒಂದು ಜಾತೀನ ಸ್ವರ್ಣಭಸ್ಮ ಮಾಡಕ್ಕೆ ಬಳಸ್ತಾರೆ ಅಂತ ಔಷಧಿ ಸಸ್ಯದ ಪುಸ್ತಕಗಳಲ್ಲಿದೆ. ಹಾಗಂತ ಯಾರಾದ್ರೂ ಕೊಳ್ಳಕ್ಕೆ ಬಂದ್ರೆ ಮಾರಬೇಡಿ. ಚಿನ್ನದ ಹೆಸರಲ್ಲಿ ನಮ್ಮ ನೆಲ ಅಗೆದಿದ್ದು ಸಾಕಾಗಿದೆ.

ಮಕ್ಕಳಿಗೆ ತೋರಿಸಬೇಕು ಅಂದ್ರೆ ದೀಪಾವಳಿ ಆದಮೇಲೆ ಬೆಳಗ್ಗೆ ಒಂಬತ್ತರ ಒಳಗೆ ಕರ್ಕೊಂಡು ಬನ್ನಿ. ಚಪ್ಪಲಿ ಬದು ಹತ್ರ ಬಿಟ್ಟು, ನೋಡಿ ಕಾಲಿಡಬೇಕು ಅಷ್ಟೆ. ಹೈಬ್ರಿಡ್ ಮರಿ ಎಂಟು ಹೆಚ್ಚಿಗೆ ಇದೆ, ಮಳೆ ನೀರು ಹಿಡಿದಿಡ್ತೀವಿ ಅನ್ನೋರಿಗೆ ಸುಮ್ಮನೆ ಕೊಡ್ತೀನಿ.