ಗಂಜಾಂನ ದೊಡ್ಡ ಸ್ವಾಮಿಯವರು

ನಮ್ಮ ಮಧುಗಿರಿ, ಕೊರಟಗೆರೆ, ಪಾವಗಡ, ಶಿರಾ ಕಡೆಯ ಶಾಲಾ ಪ್ರವಾಸಗಳಿಗೆ ಶ್ರೀರಂಗಪಟ್ಟಣ ಹೊಸದಲ್ಲ. ಕಾವೇರಿಯ ಎರಡು ಕವಲುಗಳ ನಡುವಿನ ಈ ದ್ವೀಪಕ್ಕೂ ನಮ್ಮ ಸೀಮೆಗೂ ಹಳೆಯ ನಂಟು. ಇಲ್ಲಿನ ಗಂಜಾಂ ಪೇಟೆಯನ್ನು ತುಂಬಲು ಟಿಪ್ಪು ಸುಲ್ತಾನ ಶಿರಾದಿಂದ 12,000 ಕುಟುಂಬಗಳನ್ನು ಬಲವಂತವಾಗಿ ಸಾಗಿಸಿದನೆಂದು ರೈಸ್ ಅವರ ಗ್ಯಾಸೆಟಿಯರ್ ಹೇಳುತ್ತದೆ.

ಅದೇ ಗಂಜಾಂನಲ್ಲಿ ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್ ಕಟ್ಟಿಸಿದ ಚರ್ಚಿದೆ. 1799ರಲ್ಲಿ ಟಿಪ್ಪು ಮಡಿದ ಮೇಲೆ, ಚದುರಿದ್ದ ಕ್ರೈಸ್ತರನ್ನು ಒಗ್ಗೂಡಿಸಲು ಅವರು ಇಲ್ಲಿಗೆ ಬಂದರು. ಈ ನಾಡಿನ ಉಡುಪು ತೊಟ್ಟು ಜನರ ನಡುವೆಯೇ ಬಾಳಿದರು. ಜನ ಅವರನ್ನು 'ದೊಡ್ಡ ಸ್ವಾಮಿಯವರು' ಎಂದು ಕರೆದರು.

ನಮ್ಮವರ ಆಚಾರ, ನಡಾವಳಿಗಳನ್ನು ಕುರಿತ ಅವರ ಹಸ್ತಪ್ರತಿಯನ್ನು 1807ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಕೊಂಡುಕೊಂಡಿತು. ಆಳುವವರು ನಮ್ಮನ್ನು ಅರಿಯಲು ಅದೊಂದು ಪಾಠಪುಸ್ತಕವಾಯಿತು. ಹಾಗಾದರೆ ಜನರಿಗೆ ದಕ್ಕಿದ್ದೇನು?

ವಿಜ್ಞಾನದ ಮೇಷ್ಟರಾದ ನನಗೆ ಈ ಉತ್ತರವೇ ಮುಖ್ಯ. ಗೋಸಿಡುಬಿನ ಕೀವು ಸಿಡುಬನ್ನು ತಡೆಯುತ್ತದೆಂದು ಜೆನ್ನರ್ ಇಂಗ್ಲೆಂಡಿನಲ್ಲಿ ತೋರಿಸಿದ್ದು 1796ರಲ್ಲಿ. ಏಳೆಂಟೇ ವರ್ಷಗಳಲ್ಲಿ, 1803-04ರಲ್ಲಿ, ದುಬಾಯ್ ಮೈಸೂರು ಸೀಮೆಯ 25,432 ಮಂದಿಗೆ ಆ ಲಸಿಕೆ ಹಾಕಿಸಿದ ದಾಖಲೆಯಿದೆ. ಸಿಡುಬನ್ನು 'ಅಮ್ಮ' ಎಂದು ಕೈಮುಗಿಯುತ್ತಿದ್ದ ಕಾಲವದು. ತೋಳು ಚಾಚಲು ಸರ್ಕಾರದ ಆಜ್ಞೆಯೊಂದೇ ಸಾಲದು, ಹೇಳುವವರ ಮೇಲೆ ನಂಬಿಕೆಯೂ ಬೇಕು.

1980ರಲ್ಲಿ ಸಿಡುಬು ಜಗತ್ತಿನಿಂದಲೇ ನಿರ್ಮೂಲವಾಯಿತೆಂದು ಘೋಷಿಸಲಾಯಿತು. ಮಕ್ಕಳೇ, ಗುಂಬಜ್ ನೋಡಿ ಬರುವಾಗ ಈ ಚರ್ಚನ್ನೂ ನೋಡಿ ಬನ್ನಿ.