ಮುಚ್ಚಿದ ಆಸ್ಪತ್ರೆಯ ಅನುಭವ ಪತ್ರ

ದುಬೈಯಲ್ಲಿ ನರ್ಸ್ ಆಗಬೇಕಾದರೆ ಅಲ್ಲಿನ ಆರೋಗ್ಯ ಪ್ರಾಧಿಕಾರದ, ಅಂದರೆ ಡಿಎಚ್‌ಎ, ಪರವಾನಗಿ ಬೇಕು. ಅದಕ್ಕೊಂದು ಪರೀಕ್ಷೆ ಇದೆ, ಪ್ರೊಮೆಟ್ರಿಕ್. ಅದಕ್ಕೆ ನಾನು ಹೆದರಲಿಲ್ಲ. ಡೋಸ್ ಲೆಕ್ಕ, ಸೋಂಕು ನಿಯಂತ್ರಣ, ರಕ್ತ ಕೊಡುವಾಗಿನ ಎಚ್ಚರ, ಇವೆಲ್ಲ ವಾರ್ಡಿನಲ್ಲಿ ದಿನಾ ಮಾಡಿದ್ದೇ. ನನ್ನನ್ನು ಹಣ್ಣು ಮಾಡಿದ್ದು ಕಾಗದಗಳು.

ನಾವು ಕೊಡುವ ಪ್ರತಿಗಳನ್ನಷ್ಟೇ ನೋಡಿ ಅಲ್ಲಿ ಯಾರೂ ಒಪ್ಪುವುದಿಲ್ಲ. ಡೇಟಾಫ್ಲೋ ಎಂಬ ಸಂಸ್ಥೆ ಪದವಿ ಕೊಟ್ಟ ವಿಶ್ವವಿದ್ಯಾಲಯಕ್ಕೆ, ನೋಂದಣಿ ಮಾಡಿದ ನರ್ಸಿಂಗ್ ಕೌನ್ಸಿಲ್‌ಗೆ, ಕೆಲಸ ಮಾಡಿದ ಆಸ್ಪತ್ರೆಗೆ ನೇರವಾಗಿ ಬರೆದು, 'ಇದು ನೀವು ಕೊಟ್ಟದ್ದೇ?' ಎಂದು ಕೇಳುತ್ತದೆ. ಈ ಪದ್ಧತಿ ಸರಿ ಎಂದೇ ಈಗಲೂ ಹೇಳುತ್ತೇನೆ. ಸುಳ್ಳು ಸರ್ಟಿಫಿಕೇಟಿನ ನರ್ಸ್ ಕೈಗೆ ನನ್ನ ತಾಯಿಯನ್ನು ನಾನು ಒಪ್ಪಿಸಲಾರೆ. ಆದರೆ ಅವರು ಕೇಳಿದಾಗ ಉತ್ತರ ಕೊಡುವವರೇ ಇಲ್ಲದಿದ್ದರೆ?

ಮೊದಲ ತೊಡಕು ಹೆಸರಿನದು. ನಾನು ಶಿವಮೊಗ್ಗ ಕಡೆಯವಳು. ನನ್ನ ಹೆಸರಿಗೆ ಎರಡು ಇನಿಶಿಯಲ್: ಒಂದು ಊರಿನದು, ಒಂದು ಅಪ್ಪನದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಎರಡೂ ಇದ್ದವು. ಕೌನ್ಸಿಲ್ ನೋಂದಣಿಯಲ್ಲಿ ಒಂದೇ ಉಳಿದಿತ್ತು. ಪಾಸ್‌ಪೋರ್ಟಿನಲ್ಲಿ ಇನಿಶಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಹಾಗಾಗಿ ನಮ್ಮೂರಿನ ಹೆಸರೇ ನನ್ನ ಸರ್‌ನೇಮ್ ಆಯಿತು. ಮದುವೆಯ ನಂತರ ಸೇರಿದ ಎರಡನೇ ಆಸ್ಪತ್ರೆಯವರು ಅನುಭವ ಪತ್ರದಲ್ಲಿ ಯಜಮಾನರ ಹೆಸರನ್ನೂ ಸೇರಿಸಿದ್ದರು. ಹೀಗೆ ಕಾಗದದ ಮೇಲೆ ನಾಲ್ಕು ಹೆಂಗಸರಾಗಿದ್ದೆ. ಇವರೆಲ್ಲ ಒಬ್ಬಳೇ ಎಂದು ಛಾಪಾ ಕಾಗದದ ಮೇಲೆ ಅಫಿಡವಿಟ್ ಮಾಡಿಸಿ, ನೋಟರಿ ಸಹಿ ಹಾಕಿಸಿ, ಕೌನ್ಸಿಲ್‌ನಲ್ಲಿ ತಿದ್ದುಪಡಿಗೆ ಅರ್ಜಿ ಕೊಟ್ಟೆ. ನಮ್ಮ ಕಡೆಯ ಹೆಚ್ಚಿನ ಹುಡುಗಿಯರಿಗೆ ಈ ಪಾಡು ತಪ್ಪಿದ್ದಲ್ಲ. ಅಪ್ಪನ ಮನೆಯ ಊರು ಹೆಸರಿನ ಹಿಂದೆ, ಗಂಡನ ಹೆಸರು ಹೆಸರಿನ ಮುಂದೆ.

ಪದವಿ ಪ್ರಮಾಣಪತ್ರದ ದೃಢೀಕರಣ ನಿಧಾನವಾದರೂ ಸಾಗಿತು. ಅಪಾಸ್ಟಿಲ್ ಎಂಬ ಒಂದೇ ಮುದ್ರೆ ಸಾಕೆನ್ನುವ ಒಪ್ಪಂದದಲ್ಲಿ ಯುಎಇ ಇಲ್ಲ. ಆದ್ದರಿಂದ ರಾಜ್ಯದ ದೃಢೀಕರಣ, ವಿದೇಶಾಂಗ ಸಚಿವಾಲಯದ್ದು, ಆಮೇಲೆ ಅವರ ರಾಯಭಾರ ಕಚೇರಿಯದ್ದು, ಒಂದಾದ ಮೇಲೊಂದು ಮುದ್ರೆ ಪ್ರಮಾಣಪತ್ರದ ಬೆನ್ನಿಗೆ ಬಿತ್ತು.

ಎಲ್ಲವೂ ನಿಂತುಹೋದದ್ದು ಅನುಭವ ಪತ್ರದಲ್ಲಿ. ಬಿಎಸ್ಸಿ ನರ್ಸಿಂಗ್ ಮುಗಿಸಿ ನಾನು ಮೊದಲು ಸೇರಿದ್ದು ಒಂದು ಸಣ್ಣ ನರ್ಸಿಂಗ್ ಹೋಮ್. 2018ರಿಂದ 2021ರ ಕೊನೆಯವರೆಗೆ ಅಲ್ಲಿದ್ದೆ. ಕೋವಿಡ್ ಎರಡನೇ ಅಲೆಯಲ್ಲಿ, ಆ ಏಪ್ರಿಲ್, ಮೇ ತಿಂಗಳಲ್ಲಿ, ಬೆಳಗಾಗುವವರೆಗೆ ಆಕ್ಸಿಜನ್ ಸಿಲಿಂಡರ್ ಸಾಕಾದೀತೇ ಎಂದು ಗೇಜ್ ನೋಡುತ್ತಾ ಕೂತದ್ದು ಅಲ್ಲೇ. ಪಿಪಿಇ ಕಿಟ್ಟಿನೊಳಗೆ ಬೆವರಿ ಬೆರಳ ತುದಿ ಸುಕ್ಕಾಗಿರುತ್ತಿತ್ತು, ಅದೇ ಬೆರಳಲ್ಲಿ ನಾಡಿ ಹುಡುಕುತ್ತಿದ್ದೆ. ನಾನು ಇಂದು ಎಂಥ ನರ್ಸ್ ಆಗಿದ್ದೇನೋ ಅದು ಆದದ್ದು ಆ ವರ್ಷಗಳಲ್ಲಿ. ಅರ್ಜಿ ಹಾಕುವ ಹೊತ್ತಿಗೆ ಅಲ್ಲಿನ ಹಿರಿಯ ಡಾಕ್ಟರು ತೀರಿಕೊಂಡಿದ್ದರು. ಆಸ್ಪತ್ರೆ ಮುಚ್ಚಿ, ಕಟ್ಟಡದಲ್ಲಿ ರೆಡಿಮೇಡ್ ಬಟ್ಟೆ ಅಂಗಡಿ ಬಂದಿತ್ತು.

ನನ್ನ ಬಳಿ ಇದ್ದದ್ದು ಬಿಡುವಾಗ ಕೊಟ್ಟ ನಾಲ್ಕು ಸಾಲಿನ ಪತ್ರ. ಹುದ್ದೆ, ಸೇರಿದ ಮತ್ತು ಬಿಟ್ಟ ತಾರೀಕು, ಪೂರ್ಣಾವಧಿ ಕೆಲಸವೇ ಎಂಬುದು, ಸಹಿ ಮಾಡಿದವರನ್ನು ಸಂಪರ್ಕಿಸುವ ದಾರಿ, ಇವಿಷ್ಟೂ ಪತ್ರದಲ್ಲಿರಬೇಕು ಎನ್ನುತ್ತದೆ ಡೇಟಾಫ್ಲೋ. ನನ್ನ ಪತ್ರದಲ್ಲಿದ್ದ ಫೋನ್ ನಂಬರ್ ಸತ್ತಿತ್ತು. ಸಂಬಳ ಕೈಗೆ ಬರುತ್ತಿತ್ತು, ವೋಚರಿಗೆ ಸಹಿ ಹಾಕಿ ತೆಗೆದುಕೊಳ್ಳುತ್ತಿದ್ದೆವು. ಪಿಎಫ್ ಕಟ್ಟಿದ್ದರೆ ಅದರ ದಾಖಲೆಯಾದರೂ ಇರುತ್ತಿತ್ತು.

ಡಾಕ್ಟರ ಮನೆಗೆ ಹೋದೆ. ಅವರ ಪತ್ನಿ, ನಮ್ಮೆಲ್ಲರ ಅಮ್ಮನವರು, ಗುರುತು ಹಿಡಿದರು.

"ನೈಟ್ ಡ್ಯೂಟಿ ಸಿಸ್ಟರ್ ಅಲ್ವೇನಮ್ಮಾ ನೀನು? ಒಳಗೆ ಬಾ."

ವಿಷಯ ಹೇಳಿದೆ. ಹಾಜರಿ ಪುಸ್ತಕ ಇದೆಯಾ ಅಂತ ಕೇಳಿದೆ.

"ಕಟ್ಟಡ ಬಿಡುವಾಗ ಎಲ್ಲಾ ಗುಜರಿಗೆ ಹೋಯ್ತು ಕಣಮ್ಮಾ. ನಮಗೇನು ಗೊತ್ತಿತ್ತು ಹೇಳು, ಯಾರಾದ್ರೂ ಕೇಳ್ಕೊಂಡ್ ಬರ್ತಾರೆ ಅಂತ."

ಹಾಗೆ ಗುಜರಿಗೆ ಹೋದ ಕೇಸ್ ಶೀಟುಗಳಲ್ಲಿ, ನರ್ಸಸ್ ನೋಟ್ಸ್ ಎಂಬ ಪುಟಗಳಲ್ಲಿ, ಪಾಳಿ ಪಾಳಿಗೂ ನನ್ನ ಸಹಿ ಇತ್ತು. ಎಷ್ಟು ಗಂಟೆಗೆ ಯಾವ ಇಂಜೆಕ್ಷನ್, ಬಿಪಿ ಎಷ್ಟು, ಮೂತ್ರ ಎಷ್ಟು ಹೋಯಿತು, ಎಲ್ಲ ನನ್ನ ಕೈಬರಹದಲ್ಲಿ. ಅದಕ್ಕಿಂತ ದೊಡ್ಡ ಅನುಭವ ಪತ್ರ ಯಾವುದಿದ್ದೀತು? ಅದು ಕಿಲೋ ಲೆಕ್ಕದಲ್ಲಿ ತೂಗಿ ಹೋಗಿತ್ತು. ಅಮ್ಮನವರ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟಿರುವುದು ಆಸ್ಪತ್ರೆ ಮುಚ್ಚಿದ ಮೇಲೂ ನರ್ಸ್ ದುಡಿದದ್ದಕ್ಕೆ ದಾಖಲೆ ಉಳಿಯುವಂತೆ ನೋಡಿಕೊಳ್ಳದ ನಮ್ಮ ವ್ಯವಸ್ಥೆಯ ಮೇಲೆ.

ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ, ಅಂದರೆ ಕೆಪಿಎಂಇ ಅಡಿ, ಪಡೆದ ನೋಂದಣಿ ಪತ್ರವೊಂದು ಕಟ್ಟು ಹಾಕಿಸಿ ಅವರ ಮನೆಯ ಅಟ್ಟದ ಮೇಲಿತ್ತು. ಅಮ್ಮನವರೇ ಏಣಿ ಹಿಡಿದು ನನ್ನನ್ನು ಹತ್ತಿಸಿದರು. ಅದರ ಜೆರಾಕ್ಸ್, ಆಸ್ಪತ್ರೆ ಮುಚ್ಚಿದೆ ಎಂದು ಅವರು ಬರೆದುಕೊಟ್ಟ ಪತ್ರ, ಅಂದಿನ ಮೇಟ್ರನ್ ಸಿಸ್ಟರ್ ಕೊಟ್ಟ ಹೇಳಿಕೆ, ಎಲ್ಲ ಸೇರಿಸಿ ಅಪ್‌ಲೋಡ್ ಮಾಡಿದೆ.

ಡೇಟಾಫ್ಲೋ ವರದಿ ಬಂತು. ಪದವಿ ಸರಿ, ನೋಂದಣಿ ಸರಿ, ಎರಡನೇ ಆಸ್ಪತ್ರೆಯ ಕೆಲಸ ಸರಿ. ನರ್ಸಿಂಗ್ ಹೋಮಿನ ಮುಂದೆ ಮಾತ್ರ ಪರಿಶೀಲಿಸಲಾಗಲಿಲ್ಲ ಎಂದಿತ್ತು. ಸುಳ್ಳು ಎಂದಿರಲಿಲ್ಲ, ಅದೊಂದೇ ಸಮಾಧಾನ. ಎರಡನೇ ಆಸ್ಪತ್ರೆಯ ಅನುಭವದ ಬಲದಿಂದ ಪರವಾನಗಿಗೆ ಅರ್ಹಳಾದೆ, ಕೆಲಸವೂ ಸಿಕ್ಕಿತು. ಸಂಬಳ ಗೊತ್ತು ಮಾಡುವಾಗ ಆ ಮೊದಲ ವರ್ಷಗಳನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಕೋವಿಡ್ ವಾರ್ಡಿನಲ್ಲಿ ಕೆಲಸ ಮಾಡಿದ್ದೀರಾ ಎಂದು ಸಂದರ್ಶನದಲ್ಲಿ ಕೇಳಿದರು. ಹೌದು ಎಂದೆ. ದಾಖಲೆ ಕೇಳಿದರು.

ಅದೇ ನರ್ಸಿಂಗ್ ಹೋಮಿನಲ್ಲಿ ನನ್ನ ಜೊತೆ ರಾತ್ರಿ ಪಾಳಿ ಮಾಡಿದ ಇಬ್ಬರು ಈಗ ಅರ್ಜಿ ಹಾಕುತ್ತಿದ್ದಾರೆ. ಅವರಿಗೆ ಅಮ್ಮನವರ ವಿಳಾಸ ಕೊಟ್ಟು, ನೋಂದಣಿ ಪತ್ರದ ಪ್ರತಿಯನ್ನೂ ಕಳಿಸಿದ್ದೇನೆ. ನೀವು ಈಗಿರುವ ಆಸ್ಪತ್ರೆಯಲ್ಲಿ ಸೇವಾ ಪತ್ರವನ್ನು ಕೆಲಸ ಬಿಡುವ ಮೊದಲೇ ಬರೆಸಿಕೊಳ್ಳಿ, ತಾರೀಕು ಓದಿ ನೋಡಿ, ಪಾಸ್‌ಪೋರ್ಟಿನಲ್ಲಿರುವ ಹೆಸರೇ ಅದರಲ್ಲೂ ಇರಲಿ ಎಂದು ಹೇಳಿದ್ದೇನೆ.