ಮಳೆನಾಡಿನ ಜೀಪಿಗೆ ಚರ್ಮದ ಹೊದಿಕೆ

ಕಳಸದಿಂದ ಕುದುರೆಮುಖದ ಕಡೆಗೆ ಹೊರಟವರಿಗೆ ಮೊದಲು ಸಿಗುವುದು ಅಡಿಕೆ ಮತ್ತು ಕಾಫಿ ತೋಟಗಳು. ಸಂಸೆಯ ಹತ್ತಿರ ಬರುತ್ತಿದ್ದಂತೆ ಚಹಾ ತೋಟದ ಹಸಿರು ಹಾಸು ಕಾಣಿಸುತ್ತದೆ. ಅಲ್ಲಿಂದ ಮೇಲೆ ಹುಲ್ಲುಗಾವಲು, ಕಣಿವೆಗಳಲ್ಲಿ ಶೋಲಾ ಕಾಡು, ತುದಿಯಲ್ಲಿ ಮೋಡ. ಆ ಮೋಡದ ಹಿಂದೆ ಎಲ್ಲೋ ಸುಮಾರು 1890 ಮೀಟರ್ ಎತ್ತರದ ಕುದುರೆಮುಖ ಶಿಖರ ನಿಂತಿರುತ್ತದೆ. ಚಾರಣಿಗರನ್ನು ಮುಳ್ಳೋಡಿಯವರೆಗೆ ಮುಟ್ಟಿಸುವುದು ಇಲ್ಲಿಯ ಜೀಪುಗಳು. ಕಲ್ಲು, ಕೆಸರು, ಹಳ್ಳ ಒಂದನ್ನೂ ಲೆಕ್ಕಿಸದೆ ಅವು ಏರುತ್ತವೆ. ಒಳಗೆ ಕುಳಿತವರು ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡರೆ ಸಾಕು.

ಎಂಜಿನ್ನಿಗೆ ಈ ದಾರಿ ಹೊಸದಲ್ಲ. ಮಹೀಂದ್ರ ಕಂಪನಿ 1947ರಲ್ಲಿ ಮುಂಬಯಿಯಲ್ಲಿ ವಿಲ್ಲೀಸ್ ಜೀಪುಗಳನ್ನು ಜೋಡಿಸಲು ಆರಂಭಿಸಿದಂದಿನಿಂದಲೂ ಜೀಪು ಎಂದರೆ ಕೆಟ್ಟ ರಸ್ತೆಯ ಬಂಡಿ. ಇಲ್ಲಿ ಮೊದಲು ಸೋಲುವುದು ಸೀಟು. ವರ್ಷಕ್ಕೆ 6000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರಿನಲ್ಲಿ ಟಾರ್ಪಾಲಿನ ಅಂಚಿನಿಂದ ಇರಚಲು ಒಳಗೆ ಬಡಿಯುತ್ತದೆ. ಬೆಟ್ಟ ಇಳಿದು ಬಂದವರು ತೊಯ್ದ ಬಟ್ಟೆಯಲ್ಲೇ, ಕೆಲವೊಮ್ಮೆ ಕಾಲಿನ ಇಂಬಳದ ಸಮೇತ, ಹತ್ತಿ ಕೂರುತ್ತಾರೆ. ಬಟ್ಟೆಯ ಹೊದಿಕೆ ನೀರು ಕುಡಿಯುತ್ತದೆ. ಅದರ ಕೆಳಗಿನ ಫೋಮು ಇನ್ನೂ ಹೆಚ್ಚು ಕುಡಿಯುತ್ತದೆ. ಜೂನಿನಲ್ಲಿ ನೆನೆದ ಸೀಟು ಸೆಪ್ಟೆಂಬರಿನವರೆಗೂ ಪೂರ್ತಿ ಒಣಗುವುದಿಲ್ಲ.

ಸಂಸೆ ಸಮೀಪದ ಒಂದು ಮನೆಯಲ್ಲಿ ಇಂಥದೇ ಜೀಪಿದೆ. ಮನೆಯ ಯಜಮಾನರು ಹಿಂದೆ ಗಣಿಯ ಗುತ್ತಿಗೆದಾರರೊಬ್ಬರಲ್ಲಿ ಚಾಲಕರಾಗಿದ್ದವರು. 2005ರ ಕೊನೆಯ ದಿನ ಗಣಿ ನಿಂತಾಗ ಆ ಕೆಲಸವೂ ನಿಂತಿತು. ಆಮೇಲೆ ಕೊಂಡ ಜೀಪೇ ಸಂಸಾರದ ಆಧಾರ. ಬಟ್ಟೆಯ ಹೊದಿಕೆ ಹರಿದು ವಾಸನೆ ಬರತೊಡಗಿದಾಗ, ಚರ್ಮದ ಸೀಟು ಹಾಕಿಸಿದರೆ ಪ್ರವಾಸಿಗರು ಮೆಚ್ಚುತ್ತಾರೆ ಎಂದು ಯಾರೋ ಹೇಳಿದರು. ಅವರಿಗೂ ಆಸೆ ಹುಟ್ಟಿತು. ಆದರೆ ಕೈಯಲ್ಲಿದ್ದ ಹಣ ಪಿಯುಸಿ ಮುಗಿಸಿ ಮಂಗಳೂರಿನಲ್ಲಿ ಬಿಎಸ್ಸಿ ಸೇರಬೇಕಿದ್ದ ಮಗಳ ಶುಲ್ಕಕ್ಕೆಂದು ಇಟ್ಟದ್ದು. ಸೀಟು ಚೆನ್ನಾದರೆ ಬಾಡಿಗೆ ಹೆಚ್ಚುತ್ತದೆ, ಶುಲ್ಕ ತಾನಾಗಿ ಹುಟ್ಟುತ್ತದೆ ಎಂಬುದು ತಂದೆಯ ಲೆಕ್ಕ.

"ಅಪ್ಪ, ಒಂದು ಮಳೆಗಾಲ ತಡೀರಿ. ನೋಡಿಯೇ ತಗೊಳ್ಳೋಣ" ಎಂದಳು ಮಗಳು.

ಅವಳು ನಾಲ್ಕು ತುಂಡುಗಳನ್ನು ಒಟ್ಟುಮಾಡಿದಳು. ಒಂದು ಹಳೆಯ ಸೀಟಿನ ಬಟ್ಟೆ, ಒಂದು ರೆಕ್ಸಿನ್, ಒಂದು ಚಪ್ಪಲಿ ಹೊಲಿಯುವವರ ಹತ್ತಿರ ಬೇಡಿ ತಂದ ಚರ್ಮ, ಇನ್ನೊಂದು ಅಂಗಡಿಯವರು ಮಾದರಿಗೆಂದು ಕೊಟ್ಟ ಸೀಟಿನ ಚರ್ಮ. ನಾಲ್ಕನ್ನೂ ಆಷಾಢದ ಮಳೆಯಲ್ಲಿ ಜೀಪಿನ ಹಿಂಬದಿಯಲ್ಲಿ ತೂಗುಹಾಕಿ ದಿನವೂ ನೋಡುತ್ತ ಬಂದಳು. ಮೂರು ವಾರದಲ್ಲಿ ಚಪ್ಪಲಿಯ ಚರ್ಮ ಹಸಿರು ಬೂಷ್ಟಿನಿಂದ ಮುಚ್ಚಿಹೋಯಿತು. ಬಟ್ಟೆಯ ಮೇಲೆ ಕಪ್ಪು ಚುಕ್ಕೆಗಳೆದ್ದವು. ಸೀಟಿನ ಚರ್ಮದ ಹೊರಮೈ ಚೆನ್ನಾಗಿತ್ತು, ಒಳಮೈಯಲ್ಲಿ ಮಾತ್ರ ಬೂಷ್ಟು ಇಣುಕುತ್ತಿತ್ತು. ರೆಕ್ಸಿನ್ನನ್ನು ಒರೆಸಿದರೆ ಹೊಸದರಂತೆ ಕಂಡಿತು.

ಎರಡೂ ಚರ್ಮವೇ. ಒಂದಕ್ಕೆ ಅಷ್ಟೊಂದು ಬೂಷ್ಟು, ಇನ್ನೊಂದಕ್ಕೆ ಇಷ್ಟು ಕಡಿಮೆ, ಏಕೆ? ಉತ್ತರ ಹದ ಮಾಡುವ ವಿಧಾನದಲ್ಲಿದೆ. ಪ್ರಾಣಿಯ ತೊಗಲು ಮುಖ್ಯವಾಗಿ ಕೊಲ್ಯಾಜೆನ್ ಎಂಬ ಪ್ರೋಟೀನಿನ ಎಳೆಗಳ ಹೆಣಿಗೆ. ಹಾಗೆಯೇ ಬಿಟ್ಟರೆ ಕೊಳೆಯುತ್ತದೆ, ಒಣಗಿಸಿದರೆ ಹಲಗೆಯಂತಾಗುತ್ತದೆ. ನಮ್ಮ ನಾಡಿನಲ್ಲಿ ತಂಗಡಿ ಗಿಡದ ತೊಗಟೆ, ಅಳಲೆಕಾಯಿಗಳ ಒಗರನ್ನು ತೊಗಲಿಗೆ ಉಣಿಸಿ ಹದ ಮಾಡುವ ಪದ್ಧತಿ ಹಳೆಯದು. ಆ ಒಗರೇ ಟ್ಯಾನಿನ್. ಅದು ಎಳೆಗಳನ್ನು ಒಂದಕ್ಕೊಂದು ಬಿಗಿಯುತ್ತದೆ. ಆದರೆ ತೊಗಟೆಯ ರಸದ ಜೊತೆಗೆ ಸಕ್ಕರೆಯಂಥ ವಸ್ತುಗಳೂ ಒಳಸೇರುವುದರಿಂದ ತೇವ ಸಿಕ್ಕಿದೊಡನೆ ಶಿಲೀಂಧ್ರಕ್ಕೆ ಹಬ್ಬ. ಕಾರು, ಜೀಪುಗಳ ಸೀಟಿಗೆ ಬರುವ ಚರ್ಮವನ್ನು ಹೆಚ್ಚಾಗಿ ಕ್ರೋಮಿಯಂ ಲವಣದಿಂದ ಹದ ಮಾಡಿ, ಮೇಲೆ ತೆಳುವಾದ ಬಣ್ಣದ ಲೇಪ ಕೊಟ್ಟಿರುತ್ತಾರೆ.

ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಹದ ಮಾಡದ ತೊಗಲು ನೀರಿನಲ್ಲಿ ಸುಮಾರು 60–65 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಮುದುಡಿಕೊಳ್ಳುತ್ತದೆ. ಒಗರಿನ ಹದದ್ದು ಕುದಿಯುವ ಮೊದಲೇ ಸೋಲುತ್ತದೆ. ಚೆನ್ನಾಗಿ ಕ್ರೋಮ್ ಹದವಾದದ್ದು ಕುದಿಯುವ ನೀರನ್ನೂ ತಾಳುತ್ತದೆ. ಬಚ್ಚಲ ಒಲೆಯ ಹಂಡೆಯ ನೀರನ್ನೇ ಬಳಸಿ ಮಗಳು ತೋರಿಸಿದಾಗ, ಚಪ್ಪಲಿಯ ತುಂಡು ಸುಟ್ಟ ಹಪ್ಪಳದಂತೆ ಸುರುಟಿಕೊಂಡಿತು. ನೆನೆದ ಚಪ್ಪಲಿಯನ್ನು ಒಲೆಯ ಪಕ್ಕದಲ್ಲಿ ಇಡಬೇಡಿ ಎಂದು ಹಿರಿಯರು ಹೇಳುತ್ತಿದ್ದುದರ ಗುಟ್ಟೂ ಅದೇ.

ಪ್ರಯೋಗದ ಫಲವಾಗಿ ತಂದೆಯ ಲೆಕ್ಕ ಬದಲಾಯಿತು. ಒದ್ದೆಯಾಗಿ ಹತ್ತುವವರು ಕೂರುವ ಹಿಂದಿನ ಎರಡು ಉದ್ದ ಸೀಟುಗಳಿಗೆ ರೆಕ್ಸಿನ್, ಮುಂದಿನ ಎರಡಕ್ಕೆ ಮಾತ್ರ ಚರ್ಮ. ಕೆಲಸ ಮನೆಯಲ್ಲೇ. ಮಗಳ ಶುಲ್ಕದ ಹಣ ಬಹುಪಾಲು ಉಳಿಯಿತು.

ಕೆಲಸಕ್ಕೆ ಆರಿಸಿದ್ದು ನವೆಂಬರಿನ ಬಿಸಿಲು. ಕಾಫಿ ಹಣ್ಣು ಕಣಕ್ಕೆ ಬರುವ ಮೊದಲು ಕಣ ಖಾಲಿ ಇತ್ತು. ಸೀಟುಗಳ ಬೋಲ್ಟು ಬಿಚ್ಚಿ, ಫೋಮನ್ನು ನಾಲ್ಕು ದಿನ ಒಣಗಿಸಿದರು. ಒಳಗೆ ತೇವ ಉಳಿದರೆ ಮೇಲಿನ ಹೊದಿಕೆ ಎಷ್ಟು ಬೆಲೆಯದಾದರೂ ವ್ಯರ್ಥ. ಹಳೆಯ ಬಟ್ಟೆಯನ್ನು ಎಸೆಯದೆ ಹೊಲಿಗೆ ಬಿಚ್ಚಿ, ಪ್ರತಿ ತುಂಡಿಗೂ ಎಡ, ಬಲ ಎಂದು ಬರೆದು, ಅದನ್ನೇ ಅಳತೆಯ ಮಾದರಿಯಾಗಿ ಬಳಸಿದರು. ಚರ್ಮವನ್ನು ಮಾರುವುದು ಚದರ ಅಡಿಯ ಲೆಕ್ಕದಲ್ಲಿ. ಆದರೆ ಅದು ಬಟ್ಟೆಯಂತೆ ಎಲ್ಲ ಕಡೆ ಒಂದೇ ಸಮನಲ್ಲ. ಬೆನ್ನಿನ ಭಾಗ ಗಟ್ಟಿ, ಹೊಟ್ಟೆಯ ಭಾಗ ಸಡಿಲವಾಗಿ ಹಿಗ್ಗುತ್ತದೆ. ಆದ್ದರಿಂದ ಕೂರುವ ಜಾಗಕ್ಕೆ ಬೆನ್ನಿನ ಚರ್ಮ, ಮರೆಯ ಭಾಗಗಳಿಗೆ ಉಳಿದದ್ದು. ಹೊಲಿಗೆಗಳು ಸೀಟಿನ ನಡುವೆ ಬಾರದೆ ಅಂಚಿಗೆ ಬರುವಂತೆ ನೋಡಿಕೊಂಡರು. ಚರ್ಮದ ಮೈ ನೀರನ್ನು ತಡೆದರೂ ಸೂಜಿಯ ತೂತು ತಡೆಯುವುದಿಲ್ಲವಷ್ಟೆ. ಹೊಲಿದ ಹೊದಿಕೆಯನ್ನು ಬಿಸಿಲಿಗೆ ಹಿಡಿದು ಮೆದುಮಾಡಿ, ನಡುವಿನಿಂದ ಅಂಚಿನ ಕಡೆಗೆ ಎಳೆದು ಕೂರಿಸಿದರು.

ಈಚಿನ ಕಾರುಗಳಿರುವ ಮನೆಯವರು ಇಲ್ಲೊಂದು ಎಚ್ಚರ ವಹಿಸಬೇಕು. ಕೆಲವು ಕಾರುಗಳಲ್ಲಿ ಸೀಟಿನ ಪಕ್ಕದಲ್ಲೇ ಏರ್‌ಬ್ಯಾಗ್ ಅಡಗಿರುತ್ತದೆ. ಅದರ ಮೇಲೆ ಬಿಗಿಯಾದ ಹೊದಿಕೆ ಹೊಲಿದರೆ ಅಪಘಾತದ ಹೊತ್ತಿನಲ್ಲಿ ಅದು ಸರಿಯಾಗಿ ಬಿಚ್ಚಿಕೊಳ್ಳದೆ ಹೋಗಬಹುದು. 2019ರ ಜುಲೈಯಿಂದ ಹೊಸ ಕಾರುಗಳಲ್ಲಿ ಮುಂದಿನ ಇಬ್ಬರಿಗೂ ಸೀಟ್ ಬೆಲ್ಟ್ ನೆನಪಿಸುವ ವ್ಯವಸ್ಥೆ ಕಡ್ಡಾಯವಾಗಿರುವುದರಿಂದ ಸೀಟಿನಡಿ ತಂತಿಗಳೂ ಇರುತ್ತವೆ. ಅಂಥ ಸೀಟನ್ನು ಮನೆಯಲ್ಲಿ ಬಿಚ್ಚದೆ ಬಲ್ಲವರ ಕೈಗೆ ಕೊಡುವುದೇ ಕ್ಷೇಮ.

ಜೀಪಿನ ಕೆಲಸ ಒಂದು ತಪ್ಪಿಲ್ಲದೆ ಮುಗಿಯಲಿಲ್ಲ. ಚಾಲಕನ ಸೀಟಿನ ಒಂದು ತುಂಡಿನಲ್ಲಿ ಯಜಮಾನರು ಗೆರೆಗಿಂತ ಅರ್ಧ ಇಂಚು ಒಳಗೆ ದಬ್ಬಣದಿಂದ ಚುಚ್ಚಿ ಹೊಲಿದುಬಿಟ್ಟರು. ತಪ್ಪು ತಿಳಿದು ದಾರ ಬಿಚ್ಚಿದರು. ಬಟ್ಟೆಯಾಗಿದ್ದರೆ ಎರಡು ದಿನದಲ್ಲಿ ಎಳೆಗಳು ಸರಿದು ತೂತು ಮುಚ್ಚಿಕೊಳ್ಳುತ್ತಿತ್ತು. ಚರ್ಮದಲ್ಲಿ ಹಾಗಾಗಲಿಲ್ಲ. ತೂತುಗಳ ಸಾಲು ಇದ್ದಲ್ಲಿಯೇ ಉಳಿಯಿತು. ಬೇರೆ ಚರ್ಮ ಕೊಳ್ಳಲು ಹಣವಿರಲಿಲ್ಲ. ಮೇಲೊಂದು ಪಟ್ಟಿ ಹೊಲಿದು ಮರೆಮಾಡಿದರು.

"ಚರ್ಮಕ್ಕೆ ಒಂದೇ ಸಲ ಮಗಾ. ಇದಕ್ಕೆ ಎರಡನೇ ಸಲ ಅನ್ನೋದಿಲ್ಲ" ಎಂದರು ತಂದೆ.

ಅದೇ ಜೀಪಿನ ಮುಂದಿನ ಸೀಟಿನಲ್ಲಿ ಕುಳಿತು ಸಂಸೆಯಿಂದ ಕುದುರೆಮುಖ ಪಟ್ಟಣದತ್ತ ಹೋದರೆ ಈ ಮಾತು ಮತ್ತೆ ನೆನಪಾಗುತ್ತದೆ. ಇಲ್ಲಿಯ ಬೆಟ್ಟಗಳಿಗೂ ಒಂದು ಹೊದಿಕೆಯಿದೆ. ಹುಲ್ಲಿನ ಬೇರುಗಳು ಮಣ್ಣನ್ನು ಹಿಡಿದಿರುತ್ತವೆ, ಶೋಲಾ ಕಾಡಿನ ನೆಲ ಮಳೆನೀರನ್ನು ಹೀರಿ ಬೇಸಗೆಯಲ್ಲಿ ಮೆಲ್ಲನೆ ಬಿಡುತ್ತದೆ. ತುಂಗೆ, ಭದ್ರೆ, ನೇತ್ರಾವತಿಯರು ಹುಟ್ಟುವುದು ಈ ಸೀಮೆಯಲ್ಲೇ. 1976ರಲ್ಲಿ ಸ್ಥಾಪನೆಯಾದ ಕಬ್ಬಿಣದ ಅದಿರು ಕಂಪನಿ ಆ ಹೊದಿಕೆಯನ್ನು ತೆರೆದು ಮ್ಯಾಗ್ನಟೈಟ್ ಅದಿರು ಅಗೆಯಿತು. ಅದಿರಿನ ಹುಡಿಯನ್ನು ನೀರಿನಲ್ಲಿ ಕಲಸಿ 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಮಂಗಳೂರಿಗೆ ಹರಿಸಿತು. ಉಳಿದ ಕೆಸರನ್ನು ತಡೆಯಲು ಸುಮಾರು 100 ಮೀಟರ್ ಎತ್ತರದ ಲಕ್ಯಾ ಅಣೆಕಟ್ಟು ಎದ್ದಿತು. ಸಾವಿರಾರು ಮನೆಗಳಿಗೆ ಅನ್ನ ಕೊಟ್ಟ ಕೆಲಸವದು. ಕೆಂಪು ಮಣ್ಣು ಭದ್ರೆಗೆ ಸೇರುತ್ತಿದ್ದುದೂ ಅಷ್ಟೇ ನಿಜ. 2002ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. 2005ರ ಡಿಸೆಂಬರ್ 31ಕ್ಕೆ ಗಣಿ ಮುಚ್ಚಿತು.

ಅಗೆದ ಇಳಿಜಾರುಗಳಲ್ಲಿ ಮತ್ತೆ ಹಸಿರು ಬಂದಿದೆ. ದೂರದಿಂದ ನೋಡಿದವರಿಗೆ ಎಲ್ಲವೂ ಒಂದೇ ಬಣ್ಣ. ಆದರೆ ನೆಟ್ಟ ಅಕೇಶಿಯ ಶೋಲಾ ಕಾಡಾಗುವುದಿಲ್ಲ. ಅದು ತೂತಿನ ಮೇಲೆ ಹೊಲಿದ ಪಟ್ಟಿ.

ಜೀಪಿನ ಸೀಟುಗಳಿಗೆ ಈಗ ಮಳೆಗಾಲದಲ್ಲೂ ವಾಸನೆಯಿಲ್ಲ. ಯಜಮಾನರು ಸಂಜೆ ಒಣಬಟ್ಟೆಯಿಂದ ಒರೆಸುತ್ತಾರೆ. ತೆಂಗಿನೆಣ್ಣೆ ಹಚ್ಚುವುದಿಲ್ಲ, ಅದು ಬೂಷ್ಟಿಗೆ ಆಹಾರ ಎಂದು ಮಗಳು ಹೇಳಿಕೊಟ್ಟಿದ್ದಾಳೆ. ಅವಳು ಮಂಗಳೂರಿನಲ್ಲಿ ರಸಾಯನಶಾಸ್ತ್ರ ಓದುತ್ತಿದ್ದಾಳೆ. ರಜೆಗೆ ಬಂದಾಗ ಮುಂದಿನ ಸೀಟಿನಲ್ಲಿ ಕೂರುತ್ತಾಳೆ. ಚಾಲಕನ ಸೀಟಿನ ಆ ಪಟ್ಟಿಯ ಬಗ್ಗೆ ಪ್ರವಾಸಿಗರು ಕೇಳಿದರೆ ತಂದೆ ಏನನ್ನೂ ಮುಚ್ಚಿಡುವುದಿಲ್ಲ. "ಅವಸರದಲ್ಲಿ ಚುಚ್ಚಿದ್ದು ಸ್ವಾಮಿ" ಎಂದು ನಕ್ಕು, ಗೇರು ಬದಲಿಸಿ, ಬೆಟ್ಟ ಹತ್ತಿಸುತ್ತಾರೆ.